ಆರದ ಬೆಳಕು

ಹದಿನೆಂಟು ವರ್ಷ ಕಲಬುರಗಿಯ ನೆಹರು ಗಂಜಿನ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊತ್ತು ಮನೆ ನಡೆಸಿದ ಬೆನ್ನು ಮಾಳಿಂಗಪ್ಪನದು. ಕಮಲಾಪುರದ ಮನೆಯಲ್ಲಿ ಪಾಯಖಾನೆ ಕಟ್ಟಲೆಂದು ಹಿತ್ತಲ ಗೋಡೆ ಕೆಡವಿದಾಗ ಗಡಿಗೆಯೊಂದು ಸಿಕ್ಕಿತು. ತುಂಬ ನಿಜಾಮರ ಕಾಲದ ಬೆಳ್ಳಿ ರೂಪಾಯಿ! ಅವತ್ತಿನಿಂದ ಆ ಬೆನ್ನು ಮಂಚಕ್ಕೆ ಅಂಟಿತು.

ಬೆಳ್ಳಿ ಗುಟ್ಟಾಗಿ ಸರಾಫನೊಬ್ಬನ ಪಾಲಾಯಿತು. ಬೈಕು ಬಂತು, ಫ್ರಿಜ್ ಬಂತು. ಫ್ರಿಜ್ಜಿನಲ್ಲಿಡಲು ನೀರು ಬಿಟ್ಟರೆ ಬೇರೇನೂ ಇರಲಿಲ್ಲ; ಮಾಳಿಂಗಪ್ಪನೇ ಅದರ ಬಾಗಿಲು ತೆರೆದು ಎದುರಿಗೆ ಕೂತು ತಂಪಾಗುತ್ತಿದ್ದ. ಪಾಯಖಾನೆ ಮಾತ್ರ ಆಗಲಿಲ್ಲ. ಹೆಂಡತಿ ದುಂಡಮ್ಮ ಚೊಂಬು ಹಿಡಿದು ಬಯಲಿಗೆ ಹೋಗುವುದೂ ತಪ್ಪಲಿಲ್ಲ.

"ಗಂಜಿಗೆ ಯಾವಾಗ ಹೋಗ್ತೀರಿ?"

"ಮನ್ಯಾಗ ಫ್ರಿಜ್ ಇದ್ದಾವ ಚೀಲ ಹೊರ್ತಾನೇನ, ಹುಚ್ಚಿ?"

ಆರು ತಿಂಗಳಲ್ಲಿ ಬೆಳ್ಳಿ ಕರಗಿತು. ಆಗ ಅವನ ಕಣ್ಣು ಪಡಸಾಲೆಯ ಕೆಳಗಿದ್ದ ಹಗೇವಿನ ಮೇಲೆ ಬಿತ್ತು. ಅಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ನೆಲಗುಂಡಿ ಅದು. ಬಾಯಿಗೆ ಚಪ್ಪಡಿ ಮುಚ್ಚಿ ನಲವತ್ತು ವರ್ಷವಾಗಿತ್ತು.

"ಗ್ವಾಡ್ಯಾಗ ಗಡಿಗಿ ಇಟ್ಟಾವ ನೆಲದಾಗ ಕೊಪ್ಪರಿಗಿ ಇಟ್ಟಿರಂಗಿಲ್ಲೇನ?"

ಇಂಥ ತರ್ಕ ನಮ್ಮ ನಿಮ್ಮ ತಲೆಯಲ್ಲೂ ಹುಟ್ಟುತ್ತದೆ. ನಮ್ಮ ಪುಣ್ಯ, ಬಾಡಿಗೆ ಮನೆಗಳ ಕೆಳಗೆ ಹಗೇವು ಇರುವುದಿಲ್ಲ.

ಹಗೇವು ತೆರೆದರೆ ಒಂದು ದಿನ ಗಾಳಿಯಾಡಲು ಬಿಡಬೇಕು. ಆಮೇಲೆ ಕಂದೀಲು ಇಳಿಬಿಡಬೇಕು. ಅದು ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಅರ್ಥ, ಯಾರೂ ಇಳಿಯಕೂಡದು. ಊರಿನ ಸಣ್ಣ ಮಕ್ಕಳಿಗೂ ಗೊತ್ತಿದ್ದ ಸಂಗತಿ ಇದು.

"ನಾಳಿ ಇಳೀರಿ," ಎಂದಳು ದುಂಡಮ್ಮ, ಗಂಡ ಚಪ್ಪಡಿ ಸರಿಸುತ್ತಲೇ.

"ನಾಳಿ ತನಕ ತೆರೆದಿಟ್ರ ಬಾಜೂಮನಿ ಮೈಬೂಬ ಬಂದು ಪಾಲು ಕೇಳ್ತಾನ. ಬಾಗಿಲಾ ಹಾಕು!"

"ಕಂದೀಲರ ಬಿಡ್ರಿ."

"ಈಗ ಯಾರ ಮನ್ಯಾಗ ಕಂದೀಲದ? ಕೇಳ್ಲಾಕ ಹೋದ್ರ ಯಾಕಂತಾರ. ನನ್ನ ಬಲ್ಲಿ ಮೊಬೈಲ್ ಅದಲ್ಲ!"

ಮೊಬೈಲಿನ ಟಾರ್ಚ್ ಹಚ್ಚಿ, ದಾರ ಕಟ್ಟಿ ಇಳಿಬಿಟ್ಟ. ಅದೇಕೆ ಆರೀತು?

"ನೋಡು, ಹೆಂಗ ಉರೀಲಾಕತ್ತದ!"

"ಅದಕ್ಕ ಉಸಿರದ ಏನ್ರಿ ಕಟ್ಲಾಕ?" ಎಂದು ದುಂಡಮ್ಮ ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಅವನು ತಮ್ಮ ರೇವಣನ ಕೈಗೆ ಹಗ್ಗದ ತುದಿ ಕೊಟ್ಟು ಇಳಿದಾಗಿತ್ತು.

"ಏನರ ಕಾಣ್ತೇನ್ರಿ?"

ಹಗ್ಗ ಸಡಿಲವಾಯಿತು. ಕೆಳಗೆ ಬೆಳಕು ಮಾತ್ರ ಝಗಝಗ ಉರಿಯುತ್ತಿತ್ತು. ರೇವಣ "ಅಣ್ಣಾ!" ಎನ್ನುತ್ತ ಇಳಿಯಲು ಕಾಲಿಟ್ಟ. ದುಂಡಮ್ಮ ಅವನ ನಡು ಹಿಡಿದೆಳೆದು ನೆಲಕ್ಕೆ ಕೆಡವಿದಳು, ಬಾಗಿಲು ತೆರೆದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಮೊದಲು ಓಡಿ ಬಂದವನು ಮೈಬೂಬನೇ. ಕೊಕ್ಕೆ ಹಾಕಿ ಎಳೆದು ತೆಗೆಯುವಷ್ಟರಲ್ಲಿ ಮಾಳಿಂಗಪ್ಪನ ಜೀವ ಹೋಗಿತ್ತು. ಅವನ ಮುಷ್ಟಿಯಲ್ಲಿದ್ದದ್ದು ಕಪ್ಪುಗಟ್ಟಿದ ಜೋಳ.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ರೇವಣ ಮೆಲ್ಲಗೆ ಬಂದು ಕೂತ.

"ಅತ್ತಿಗಿ, ಅಡಗಿಮನಿ ಕೆಳಗೂ ಒಂದು ಹಗೇವು ಅದಂತ. ಈ ಸಲ ಕಂದೀಲು ತರ್ತೀನಿ."

ದುಂಡಮ್ಮನಿಗೆ ಅಳುವೂ ಬರಲಿಲ್ಲ. ಮರುದಿನ ಏಳರ ಬಸ್ಸಿಗೆ ಅವನ ಕೊರಳಪಟ್ಟಿ ಹಿಡಿದು ಹತ್ತಿಸಿದಳು, ತಾನೂ ಹತ್ತಿದಳು. ಕಂಡಕ್ಟರ್ ಹೆಂಗಸರ ಬಿಟ್ಟಿ ಟಿಕೆಟ್ ಹರಿದುಕೊಟ್ಟ.

"ಇವಂದು?"

"ಗಂಜಿಗೆ ಒಂದು ಕೊಡ್ರಿ," ಎಂದು ಸೆರಗಿನ ಗಂಟು ಬಿಚ್ಚಿದಳು. "ಬರೀ ಹೋಗಾದು."