ಹೂಂ ಅನ್ನುವ ಸಿನಿಮಾ

ಎಂಬತ್ತರ ದಶಕದ ಆರಂಭ. ನಾನು ಮಲ್ಲಟದ ಶಾಲೆಗೆ ಹೊಸ ಹೆಡ್‌ಮಿಸ್ಟ್ರೆಸ್. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಆ ವರ್ಷ ಏಳನೆಯ ತರಗತಿಯಲ್ಲಿ ಒಂಬತ್ತು ಹುಡುಗಿಯರಿದ್ದರು. ಪಬ್ಲಿಕ್ ಪರೀಕ್ಷೆಯಲ್ಲಿ ಫೇಲಾದರೆ ಅವರ ಓದು ಅಲ್ಲಿಗೇ ಮುಗಿಯಿತು, ಮುಂದೆ ಮದುವೆಯೇ. ಅದಕ್ಕೇ ತಾಯಂದಿರನ್ನು ಕರೆಸಿ, ನಾಳೆಯಿಂದ ಬೆಳಿಗ್ಗೆ ಆರಕ್ಕೆ ಹೆಚ್ಚಿನ ಪಾಠ ಎಂದು ಒಂದು ತಾಸು ಭಾಷಣ ಬಿಗಿದೆ. ಎಲ್ಲರೂ "ಹೂಂ ರೀ ಅಕ್ಕೋರ" ಎಂದರು. ಮರುದಿನ ಆರಕ್ಕೆ ಶಾಲೆಗೆ ಬಂದದ್ದು ನಾನು, ಮತ್ತೆ ಯಾರದೋ ಒಂದು ಆಡು. ವಾರವಿಡೀ ಅದೇ ಕಥೆ. ನಾಯಿ ಬಾಲ ಯಾವತ್ತಿದ್ದರೂ ಡೊಂಕು ಎಂದು ಎಲ್ಲರನ್ನೂ ಬೈದುಕೊಂಡೆ.

ಅಷ್ಟರಲ್ಲಿ ರಾಯಚೂರಿನಲ್ಲಿ ಮುಖ್ಯ ಶಿಕ್ಷಕರಿಗೆ ತರಬೇತಿ ಬಂತು. ನಾಯಕತ್ವದ ಬಗ್ಗೆ ಇಂಗ್ಲಿಷ್ ಸಿನಿಮಾ ತೋರಿಸುತ್ತೇವೆಂದು ಕಿಟಕಿಗಳಿಗೆ ಜಮಖಾನ ಕಟ್ಟಿದರು. ಪ್ರೊಜೆಕ್ಟರ್ ತಿರುಗಿತು, ದನಿ ಮಾತ್ರ ಹೊರಡಲಿಲ್ಲ. ಪರದೆಯ ಮೇಲೆ ಸೂಟು ತೊಟ್ಟ ಸಾಹೇಬನೊಬ್ಬ ಮೇಜು ಗುದ್ದಿ ಗುದ್ದಿ ಮಾತಾಡುತ್ತಿದ್ದ. ಸುತ್ತ ಕೂತ ಎಂಟು ಜನ ತಲೆಯಾಡಿಸುತ್ತಿದ್ದರು. ದೇವದುರ್ಗದಿಂದ ಬಂದಿದ್ದ ವಯಸ್ಸಾದ ಹೆಡ್‌ಮಾಸ್ತರರೊಬ್ಬರು ಸುಮ್ಮನಿರುವವರಲ್ಲ. ಆ ಎಂಟೂ ಜನರಿಗೆ ತಾವೇ ದನಿ ಕೊಟ್ಟರು: "ಹೂಂ ರೀ ಸಾಹೇಬ್ರ... ಹೂಂ ರೀ... ಯಾವಾಗ ಮುಗಸ್ತೀರಿ, ಮನಿಗಿ ಹೋಗಬೇಕು!"

ಕೋಣೆಯೆಲ್ಲ ನಕ್ಕಿತು. ನಾನಂತೂ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ನಿಲ್ಲುವ ಹೊತ್ತಿಗೆ ಹೊಳೆಯಿತು, ಆ ಸಾಹೇಬ ನಾನೇ! ನಮ್ಮ ಕಡೆ ಹೂಂ ಅಂದರೆ ಒಪ್ಪಿದೆ ಎಂದಲ್ಲ, ಕೇಳಿಸುತ್ತಿದೆ, ಮುಂದೆ ಹೇಳು ಎಂದಷ್ಟೇ. ಕೂಲಿ ಮಾಡಿ ಓದಿಸಿದ ಅವ್ವನ ಮಗಳಾದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಕುರ್ಚಿ ಸಿಕ್ಕ ಮೇಲೆ ಮರೆತಿತ್ತು. ನಾಚಿಕೆಯಾಯಿತು.

ಊರಿಗೆ ಬಂದು ತಾಯಂದಿರನ್ನು ಮತ್ತೆ ಕರೆದೆ. "ಪಾಠ ಯಾವಾಗ ಇಡೂಣು, ನೀವ ಹೇಳ್ರಿ" ಎಂದು ಬಾಯಿ ಮುಚ್ಚಿಕೊಂಡು ಕೂತೆ. ನನಗೆ ಅದು ಉಪವಾಸಕ್ಕಿಂತ ಕಷ್ಟ. ಕೊನೆಗೆ ಒಬ್ಬಾಕೆ ಬಾಯಿಬಿಟ್ಟಳು.

"ಮುಂಜಾನಿ ಆಗಂಗಿಲ್ರಿ ಅಕ್ಕೋರ. ನಾವು ರೊಟ್ಟಿ ಬಡೀತೀವಿ, ನೀರು ತರೋರು ಈ ಹುಡುಗ್ಯಾರ."

"ಸಂಜಿಕ?"

"ಸಂಜಿಕ ನಾವು ಹೊಲದಿಂದ ಬರೂತನಕ ಸಣ್ಣ ಕೂಸು ಇವರ ಬಗಲಾಗ ಇರ್ತಾವ."

"ಕೂಸಿನ ಸಮೇತ ಬರ್ಲಿ ಬಿಡ್ರಿ."

ಅವಳು ನನ್ನನ್ನೇ ನೋಡಿದಳು. "ಖರೇನ? ಕೂಸು ಅತ್ರ ಬೈಯಂಗಿಲ್ಲ ನೋಡ್ರಿ ಮತ್ತ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಸಂಜೆಯಿಂದ ಒಂಬತ್ತು ಹುಡುಗಿಯರು, ಏಳು ಕೂಸುಗಳು. ಭಿನ್ನರಾಶಿ ಕಲಿಸುವಾಗ ನನ್ನ ಸೊಂಟದ ಮೇಲೂ ಒಂದು ಇರುತ್ತಿತ್ತು, ಎಷ್ಟೋ ಸಲ ಸೀರೆಯೂ ಒದ್ದೆಯಾಯಿತು. ಅಷ್ಟು ಖುಷಿಯಿಂದ ನಾನು ಬೇರೆಂದೂ ಪಾಠ ಮಾಡಿಲ್ಲ. ಒಂಬತ್ತೂ ಜನ ಪಾಸಾದರು.

ಜೂನ್ ತಿಂಗಳಲ್ಲಿ ಅವರೆಲ್ಲ ಹೈಸ್ಕೂಲಿಗೆಂದು ಮಾನ್ವಿ ಬಸ್ಸು ಹತ್ತಿದರು. ಕೆಳಗೆ ಕೂಸುಗಳದು ಒಂದೇ ರಂಪ, ಅಕ್ಕಂದಿರ ಜೊತೆ ತಾವೂ ಹೋಗಬೇಕಂತೆ. ನನಗೆ ಸಂತೋಷಕ್ಕೆ ಅಳು ಬಂತು. ಅಂದು ಬಾಯಿಬಿಟ್ಟಿದ್ದ ತಾಯಿ ತನ್ನ ಸಣ್ಣ ಮಗಳ ಮೂಗು ಒರೆಸುತ್ತ ಹೇಳುತ್ತಿದ್ದಳು: "ಅಳಬ್ಯಾಡ ಬೇ, ನಿನ್ನ ಪಾಳಿನೂ ಬರ್ತದ."