ಎರೆಮಣ್ಣು ಹಸಿಯಾಗುವ ತನಕ

ಗಜೇಂದ್ರಗಡದಿಂದ ರೋಣ, ನರಗುಂದಗಳವರೆಗೆ ಮೋಟಾರು ಓಡಿಸುವವರು ಅನೇಕರಿದ್ದಾರೆ. ಆದರೆ ಅವರನ್ನೆಲ್ಲ ತಿದ್ದಿ ಡ್ರೈವರರನ್ನಾಗಿ ಮಾಡಿದವರು ಯಾರೆಂದು ಕೇಳಿದರೆ, ಈ ವರ್ಷ, ೧೯೫೯ರಲ್ಲಿ, ನಿವೃತ್ತರಾಗುತ್ತಿರುವ ಶ್ರೀ ಟಿಪ್ಪುಸಾಬರ ಹೆಸರನ್ನೇ ಈ ಸೀಮೆಯ ಜನ ಹೇಳುತ್ತಾರೆ. ಹದಿನೆಂಟು ತುಂಬಿದ ಹುಡುಗರು ಸರ್ಕಾರದ ಲೈಸೆನ್ಸನ್ನು ಕಿಸೆಯಲ್ಲಿಟ್ಟುಕೊಂಡು ಬೀಗುತ್ತ ಬಂದರೆ ಉಸ್ತಾದರು ನಕ್ಕುಬಿಡುತ್ತಿದ್ದರು. ಅವರ ಬಳಿ ಮೊದಲು ಖಾಲಿ ಗಾಡಿ, ಅದೂ ಹಗಲಿನಲ್ಲಿ ಮಾತ್ರ. ಆಮೇಲೆ ಹತ್ತಿಯ ಅಂಡಿಗೆ ಹೇರಿದ ಲಾರಿ. ಅನಂತರ ಒಂದು ಮಳೆಗಾಲ ಪೂರ್ತಿ ಜಾರುವ ಎರೆಮಣ್ಣಿನ ದಾರಿ. ಅದೆಲ್ಲ ದಾಟಿದವನಿಗೇ ಜನ ಕೂತ ಬಸ್ಸು.

ಸೂಡಿಯ ಹೊಳಿಯಪ್ಪ ೧೯೫೨ರಲ್ಲಿ ಅವರ ಶಿಷ್ಯನಾದ. ಅವನಿಗಿದ್ದದ್ದು ಒಂದೇ ಆಸೆ: ಕೂಲಿ ಮಾಡಿ ತನ್ನನ್ನು ಬೆಳೆಸಿದ ಅವ್ವ ಗಾಳೆವ್ವ, ತಾನು ಬಸ್ಸು ಹೊಡೆಯುವುದನ್ನು ಕಣ್ತುಂಬ ನೋಡಬೇಕು. ಅವಳ ಕಣ್ಣುಗಳೋ ದಿನದಿಂದ ದಿನಕ್ಕೆ ಮಂಜಾಗುತ್ತಿದ್ದವು.

"ಉಸ್ತಾದ್ರ, ಒಂದ ಸಲ ಸೂಡಿತನಕ ಬಸ್ ಕೊಡ್ರಿ. ಅವ್ವಗ ಇನ್ನೂ ಸ್ವಲ್ಪ ಕಾಣಸ್ತೈತಿ."

"ಎರಿ ದಾರ್ಯಾಗ ಒಂದ ಮಳಿಗಾಲ ಹೊಡಿಯಪಾ ಮೊದಲ. ಗಾಡ್ಯಾಗ ಕುಂತಾಕಿನೂ ಯಾರದರ ಅವ್ವನ."

ಆ ವರ್ಷ ಮಳೆ ಕೈಕೊಟ್ಟಿತು. ಊರವರು ಬೆಳೆಗಾಗಿ ಮುಗಿಲು ನೋಡಿದರೆ ಹೊಳಿಯಪ್ಪ ಕೆಸರಿಗಾಗಿ ನೋಡಿದ. ಉಸ್ತಾದರು ಕಟ್ಟಳೆ ಸಡಿಲಿಸಲಿಲ್ಲ. ಆದರೆ ಗಾಳೆವ್ವನನ್ನು ತಾವೇ ಗದಗಿನ ದವಾಖಾನೆಗೆ ಕರೆದೊಯ್ದರು. "ಭಾಳ ತಡಾ ಆಗೇತ್ರಿ" ಎಂದರು ಡಾಕ್ಟರು.

ಮರುವರ್ಷ ಮಳೆ ಜಡಿದು ಸುರಿಯಿತು, ಹೊಳಿಯಪ್ಪನ ಪಾಠವೂ ಮುಗಿಯಿತು. ಒಂದು ಸಂತೆಯ ದಿನ ಉಸ್ತಾದರು ಅವನನ್ನು ಬಸ್ಸಿನ ಸ್ಟೇರಿಂಗಿಗೆ ಕೂಡಿಸಿ ತಾವು ಹಿಂದಿನ ಸೀಟಿನಲ್ಲಿ ಕುಳಿತರು. ಸೂಡಿಯಲ್ಲಿ ನೆರೆಯವರ ಕೈ ಹಿಡಿದು ಹತ್ತಿದ ಗಾಳೆವ್ವನಿಗೆ ಆಗ ಬೆಳಕು, ಕತ್ತಲೆ ಇಷ್ಟೇ ತಿಳಿಯುತ್ತಿತ್ತು. ಹೊಡೆಯುತ್ತಿರುವುದು ತಾನೆಂದು ಊರು ಮುಟ್ಟಿದ ಮೇಲೆ ಹೇಳೋಣವೆಂದುಕೊಂಡು ಹೊಳಿಯಪ್ಪ ಗೇರು ಹಾಕಿದ. ಗಜೇಂದ್ರಗಡ ಮುಟ್ಟಿದಾಗ ಅವಳು ಮುಂದಕ್ಕೆ ಮುಖ ಮಾಡಿ, "ಟಿಪ್ಪುಸಾಬರ, ಹೊಟ್ಯಾಗಿನ ನೀರೂ ಅಳ್ಳಾಡಲಿಲ್ಲ ನೋಡ್ರಿ. ನನ್ನ ಮಗಗ ಎಂದ ಕೊಡ್ತೀರಿ ಈ ಗಾಡಿ?" ಎಂದಳು.

ಹಿಂದಿನ ಸೀಟಿನಿಂದ ಉಸ್ತಾದರ ದನಿ ಬಂತು. "ಕೊಟ್ಟೀನವ್ವಾ. ಇಷ್ಟೊತ್ತು ಹೊಡದಾಂವ ನಿನ್ನ ಮಗನ."

ಗಾಳೆವ್ವ ತಡಕುತ್ತ ಬಂದು ಮಗನ ಮುಖವನ್ನೆಲ್ಲ ಸವರಿದಳು.

ಇಂದು ಅವನ ಬಸ್ಸು ಹತ್ತಿದವರು ರೋಣದವರೆಗೂ ನಿಶ್ಚಿಂತೆಯಿಂದ ತೂಕಡಿಸುತ್ತಾರೆ. ಉಸ್ತಾದರು ನೂರ್ಕಾಲ ಬಾಳಲಿ, ಮನೆಯಲ್ಲಿ ಸುಮ್ಮನೆ ಕೂರದೆ ಹೊಸ ಹುಡುಗರನ್ನೂ ಹೀಗೆಯೇ ಕಾಯಿಸಲಿ ಎಂದು ಹೊಳಿಯಪ್ಪ ಮನಸಾರೆ ಹಾರೈಸುತ್ತಾನೆ. ತನ್ನನ್ನು ಕಾಯಿಸಿದ್ದು ತಪ್ಪೆಂದು ಅವನು ಎಂದೂ ಅಂದವನಲ್ಲ. ಆದರೂ ಸೂಡಿ ಬಂದಾಗಲೆಲ್ಲ, ಅವ್ವ ಒಂದೇ ಒಂದು ಸಲ ನೋಡಬೇಕಿತ್ತು ಅನ್ನಿಸುತ್ತದೆ.