ಜಗಲಿ ಮೂಲೆಯ ತಟ್ಟೆ

ಅಂದು ಪಾಳ್ಯದ ನಮ್ಮ ಮನೆಯ ಜಗಲಿಯಲ್ಲಿ ಇದ್ದವರು ನಾವು ನಾಲ್ವರು ಹೆಂಗಸರು: ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, ಅವರ ಪಕ್ಕದಲ್ಲಿ ನಾನು, ಫೋನು ಹಿಡಿದು ಬಾಗಿಲಿಗೊರಗಿದ್ದ ದಿವ್ಯ, ನಮ್ಮಿಂದ ಮಾರು ದೂರದಲ್ಲಿ ಅಂಚು ನೆಗ್ಗಿದ ಸ್ಟೀಲು ತಟ್ಟೆಯಲ್ಲಿ ಉಣ್ಣುತ್ತಿದ್ದ ದಿವ್ಯಳ ಅತ್ತೆ, ಅಂದರೆ ನನ್ನ ಓರಗಿತ್ತಿ ಸರೋಜಕ್ಕ. ಆ ತಟ್ಟೆಯ ಕಥೆ ನಿಮಗೆ ಹೇಳಲೇಬೇಕು. ತಿಂಗಳ ಮುಟ್ಟಿನಲ್ಲಿ ಹೊರಗಾದವರು ಅದರಲ್ಲಿ ಉಂಡು, ತಾವೇ ತೊಳೆದು, ಜಗಲಿ ಮೂಲೆಯ ಗೂಡಿನಲ್ಲಿ ಕವುಚಿಡಬೇಕು. ಒಳಗಿನ ಪಾತ್ರೆಗಳೊಡನೆ ಅದು ಸೇರುವಂತಿಲ್ಲ. ಸರೋಜಕ್ಕನಿಗೆ ಆ ತಟ್ಟೆಯ ಸಹವಾಸ ತಪ್ಪಿ ವರ್ಷಗಳೇ ಆಗಿದ್ದವು. ಈಗ ಮತ್ತೆ ಅದನ್ನು ಹಿಡಿದು ಕೂತಿದ್ದಳು.

"ಇದೇನೇ ಸರೋಜ, ಮತ್ತೆ ಪ್ರಾಯ ಬಂದ್ಬುಡ್ತಾ ನಿಂಗೆ?" ಎಂದರು ಅತ್ತೆ.

"ಬರ್ಲಿ ಬುಡಿ ಅತ್ತೆ. ಈ ದಿವ್ಯನ್ನ ನೆಚ್ಕೊಂಡ್ರೆ ಆಗಾಕಿಲ್ಲ, ನಾನೇ ಇನ್ನೊಂದು ಮೊಮ್ಮಗನ್ನ ಹೆತ್ಕೊಡ್ತೀನಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಬೇಕೆಂದು ಊರಿನ ಆರೋಗ್ಯ ಶಿಬಿರದಲ್ಲಿ ಕೇಳಿದ್ದ ಮಾತು ನೆನಪಾಗಿತ್ತು. ಹೇಳಿದೆ. ಸರೋಜಕ್ಕ ಉಷ್ಣವೆಂದು ಜೀರಿಗೆ ಕಷಾಯ ಕುಡಿದಳು, ತಲೆಗೆ ಮಿಂದು ಒಳಗೆ ಬಂದಳು. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಆಚಾರದ ವಿಚಿತ್ರ ನೋಡಿ: ಹೆಂಗಸಿನ ರಕ್ತವನ್ನು ಊರಿಗೆಲ್ಲ ಕಾಣುವ ಹಾಗೆ ಜಗಲಿಯಲ್ಲಿ ಕೂರಿಸುತ್ತೇವೆ, ಹತ್ತಿರ ಹೋಗಿ ಏನಾಯಿತೆಂದು ಮಾತ್ರ ಕೇಳುವುದಿಲ್ಲ.

ಕಾಫಿ ತೋಟದಲ್ಲಿ ಇದೇ ಸರೋಜಕ್ಕನ ಕಣ್ಣು ಎಂಥದ್ದು ಗೊತ್ತೆ? ಬೋರರ್ ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಿದ್ದರೆ, ತೊಗಟೆಯ ಮೇಲೆ ಎದ್ದ ಸಣ್ಣ ಉಬ್ಬನ್ನು ಸವರಿಯೇ ಗುರುತು ಹಿಡಿಯುತ್ತಾಳೆ. ತನ್ನ ಒಡಲಿನ ಗುರುತನ್ನು ಮಾತ್ರ ಪ್ರಾಯವೆಂದು ಬಗೆದು ಹಿಗ್ಗಿದಳು. ಅವಳಿಗಾಗಿ ತಟ್ಟೆ ಮತ್ತೊಮ್ಮೆ ಗೂಡಿನಿಂದ ಇಳಿದ ದಿನ ನಾನೂ ದಿವ್ಯಳೂ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹಾಸನದ ಬಸ್ಸು ಹತ್ತಿದೆವು.

"ಇದು ಮುಟ್ಟಲ್ಲಮ್ಮ" ಎಂದರು ಡಾಕ್ಟರಮ್ಮ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿತ್ತು. ಕಡ್ಡಿಯಷ್ಟು ಸಣ್ಣ ಕ್ಯಾಮೆರಾವನ್ನು ಒಳಗಿಳಿಸಿ, ಅದು ತೋರಿಸಿದ ಜಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಕಾದ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಫೋನು ರಿಂಗಾದರೆ ಸಾಕು, ಒಲೆಯ ಮುಂದಿದ್ದವರ ಕೈಯ ಸೌಟು ನಿಲ್ಲುತ್ತಿತ್ತು. ಸರೋಜಕ್ಕ ನಗುವುದನ್ನು ಬಿಟ್ಟಿದ್ದಳು. ಒಮ್ಮೆ ಮಾತ್ರ, ಬಟ್ಟೆ ಮಡಚುತ್ತಾ, "ದಿವ್ಯಂಗೆ ಮಗು ಆಗೋದ್ ನೋಡ್ಬೇಕಿತ್ತು ಕಣೇ" ಎಂದಳು. ಅವಳ ಕೈಯ ಸೀರೆಯ ಇನ್ನೊಂದು ತುದಿ ಹಿಡಿದು ನಾನೂ ಮಡಚಿದೆ.

ಬಂದ ಉತ್ತರ ಪೂರ್ತಿ ಒಳ್ಳೆಯದೂ ಅಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲ: ಸಿಕ್ಕ ಚೂರಿನಲ್ಲಿ ಕ್ಯಾನ್ಸರ್ ಇಲ್ಲ, ಆದರೆ ಆ ದಾರಿ ಹಿಡಿದ ಕಣಗಳಿವೆ, ಗರ್ಭಕೋಶ ತೆಗೆಯುವುದೇ ಕ್ಷೇಮ. ಹೊಟ್ಟೆಯುದ್ದ ಕೊಯ್ದು ತಿಂಗಳುಗಟ್ಟಲೆ ಮಲಗಿಸುವ ಆಪರೇಷನ್ನುಗಳನ್ನು ಕಂಡಿದ್ದ ನಮಗೆ, ನಾಲ್ಕಾರು ಸಣ್ಣ ತೂತುಗಳಲ್ಲೇ ಕೆಲಸ ಮುಗಿಯುತ್ತದೆಂದರೆ ನಂಬಿಕೆ ಬರಲಿಲ್ಲ. ಸರೋಜಕ್ಕ ಪೂರ್ತಿ ಕೇಳಿಸಿಕೊಂಡು, "ಬೋರರ್ ಬಿದ್ದ ಗಿಡಾನ ನಾವೂ ಕಿತ್ ಸುಡೋದೇಯ. ತೆಗೀರಿ ಡಾಕ್ಟ್ರಮ್ಮ" ಎಂದಳು. ದನಿ ಗಟ್ಟಿಯಾಗಿತ್ತು, ಆದರೆ ಹಿಡಿದಿದ್ದ ನನ್ನ ಮುಂಗೈಯನ್ನು ಬಸ್ಸು ಹತ್ತುವವರೆಗೂ ಬಿಡಲಿಲ್ಲ.

ಆಪರೇಷನ್ನಿನಲ್ಲಿ ತೆಗೆದದ್ದನ್ನೂ ಪರೀಕ್ಷೆಗೆ ಕಳಿಸಿದ್ದರಿಂದ ಇನ್ನೊಂದು ಸುತ್ತು ಕಾಯಬೇಕಾಯಿತು. ಅಷ್ಟರಲ್ಲಿ ಅವಳು ಎದ್ದು ಅಂಗಳದಲ್ಲಿ ಓಡಾಡುತ್ತಿದ್ದಳು. ಕೊನೆಗೆ, ಎಲ್ಲೂ ಕ್ಯಾನ್ಸರ್ ಇಲ್ಲ ಎಂದು ತಿಳಿದಾಗ ಅತ್ತೆ ದೇವರಿಗೆ ದೀಪ ಹಚ್ಚಲು ಹೋಗಿ, ಕಡ್ಡಿ ಗೀರಲಾರದೆ ಅತ್ತರು.

ಮುಂದಿನ ತಿಂಗಳು ದಿವ್ಯ ಹೊರಗಾದಾಗ ಜಗಲಿಯ ಗೂಡು ಬರಿದಾಗಿತ್ತು.

"ಅತ್ತೆ, ತಟ್ಟೆ ಎಲ್ಲೈತೆ?" ಎಂದು ಅಲ್ಲಿಂದಲೇ ಕೂಗಿದಳು.

"ಒಳಗಿನವುಗಳ ಜೊತೆ ಸೇರಿಸ್ಬುಟ್ಟೆ. ಬಾ, ಊಟಕ್ಕೆ ಕೂತ್ಕೊ" ಎಂದಳು ಸರೋಜಕ್ಕ ಅಡುಗೆಮನೆಯಿಂದ.

ಮುದ್ದೆ ಮುರಿಯುತ್ತಿದ್ದ ನಮ್ಮ ಅತ್ತೆಯ ಕೈ ನಿಂತಿತು. ತಮ್ಮ ಮುಂದಿನ ತಟ್ಟೆಯ ಅಂಚಿನ ನೆಗ್ಗನ್ನು ಒಮ್ಮೆ ಬೆರಳಿನಿಂದ ಸವರಿದರು. ಆಮೇಲೆ ಆ ತಟ್ಟೆಯನ್ನು ಮುಂದಕ್ಕೆ ಸರಿಸಿ, "ಸಾರು ಬಿಡೇ ಸರೋಜ" ಎಂದರು.